ನೀನು, ನೀವು ಮತ್ತು ಹಾಜರಿ ಪುಸ್ತಕ

ಈಚೆಗೆ ಚಿಕ್ಕಮಗಳೂರಿನ ಒಂದು ಸಭೆಯಲ್ಲಿ ಮಾತಾಡಿದೆ. ಕಾಫಿ ಬೆಳೆಗಾರರು ಇದ್ದರು, ಹೋಂಸ್ಟೇ ನಡೆಸುವವರು ಇದ್ದರು, ಸಣ್ಣ ಕೈಗಾರಿಕೆಯವರು, ಆಸ್ಪತ್ರೆ ಮತ್ತು ಶಾಲೆಗಳ ಆಡಳಿತ ನೋಡುವವರು, ಹಾಸನದಿಂದ ಗಾರ್ಮೆಂಟ್ಸ್ ಕಡೆಯ ನಾಲ್ಕೈದು ಜನ. ಎಲ್ಲರೂ ಕೈಕೆಳಗೆ ಒಂದಷ್ಟು ಜನರನ್ನು ಇಟ್ಟುಕೊಂಡು ಕೆಲಸ ಮಾಡಿಸುವವರು. ಕೆಲಸದ ಜಾಗದಲ್ಲಿ ಎಲ್ಲ ಥರದ ಜನರನ್ನೂ ಸೇರಿಸಿಕೊಳ್ಳೋದು ಹೇಗೆ, ಯಜಮಾನರಾದವರು ಎಲ್ಲಿಂದ ಶುರು ಮಾಡಬೇಕು ಅನ್ನೋದು ನನಗೆ ಕೊಟ್ಟಿದ್ದ ವಿಷಯ. ಬರೆದು ಕೊಡಿ ಅಂತ ಕೆಲವರು ಕೇಳಿದರು. ಅಲ್ಲಿ ಆಡಿದ್ದನ್ನೇ ಇಲ್ಲಿ ಬರೆದಿದ್ದೇನೆ. ಹೊತ್ತು ಸಾಲದೆ ಬಿಟ್ಟಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ.

ನಾನು 26 ವರ್ಷ ಪರ್ಸನಲ್ ಡಿಪಾರ್ಟ್‌ಮೆಂಟಿನಲ್ಲಿ ಕೆಲಸ ಮಾಡಿದವಳು. ಮೊದಲು ಹಾಸನದ ಹತ್ತಿರ ಒಂದು ಬಟ್ಟೆ ಕಾರ್ಖಾನೆ, ಆಮೇಲೆ ಚಿಕ್ಕಮಗಳೂರಿನಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್. ಜನರನ್ನು ಕೆಲಸಕ್ಕೆ ತೆಗೆದುಕೊಂಡಿದ್ದೇನೆ, ಕೆಲಸದಿಂದ ಕಳಿಸಿದ್ದೇನೆ. ಎರಡರಲ್ಲೂ ತಪ್ಪು ಮಾಡಿದ್ದೇನೆ. ಅದನ್ನೂ ಹೇಳುತ್ತೇನೆ.

ಮಾತು ಶುರು ಮಾಡುವ ಮೊದಲು ಎಲ್ಲರ ಕೈಗೂ ಒಂದೊಂದು ಬಿಳಿ ಹಾಳೆ ಕೊಟ್ಟೆ. ನಡುವೆ ಒಂದು ಗೆರೆ ಎಳೆಯಿರಿ ಅಂದೆ. ಕೆಲಸದ ಜಾಗದಲ್ಲಿ ನೀವು ಯಾರನ್ನೆಲ್ಲ "ನೀವು" ಅನ್ನುತ್ತೀರೋ ಅವರನ್ನು ಎಡಗಡೆ ಬರೆಯಿರಿ, ಯಾರನ್ನೆಲ್ಲ "ನೀನು" ಅನ್ನುತ್ತೀರೋ ಅವರನ್ನು ಬಲಗಡೆ. ಹೆಸರು ಗೊತ್ತಿಲ್ಲದಿದ್ದರೆ ಕೆಲಸ ಬರೆಯಿರಿ. ಐದು ನಿಮಿಷ. ಯಾರಿಗೂ ತೋರಿಸಬೇಕಾಗಿಲ್ಲ.

ಐದು ನಿಮಿಷ ಆಯಿತು. ಈಗ ಬಲಗಡೆಯ ಪಟ್ಟಿ ಇನ್ನೊಂದು ಸಲ ಓದಿಕೊಳ್ಳಿ ಅಂದೆ. ಅಲ್ಲಿ ನಿಮಗಿಂತ ವಯಸ್ಸಾದವರು ಎಷ್ಟು ಜನ? ಹೆಂಗಸರು ಎಷ್ಟು? ಯಾವ ಜಾತಿಯವರು ಜಾಸ್ತಿ ಇದ್ದಾರೆ? ಬೇರೆ ರಾಜ್ಯದಿಂದ ಬಂದವರು ಯಾವ ಕಡೆ ಇದ್ದಾರೆ? ಹೆಸರು ಬರೆಯಲಾಗದೆ "ಕಸ ಗುಡಿಸೋಳು", "ಗೇಟಿನವನು", "ಅಸ್ಸಾಂ ಹುಡುಗರು" ಅಂತ ಬರೆದಿದ್ದು ಎಷ್ಟು?

ಯಾರೂ ಮಾತಾಡಲಿಲ್ಲ. ಒಬ್ಬರು ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರು.

ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ "ಯೂ". ಯಾರನ್ನು ಎಲ್ಲಿ ನಿಲ್ಲಿಸಿದ್ದೇವೆ ಅನ್ನೋದು ಆ ಮಾತಿನಲ್ಲಿ ಗೊತ್ತಾಗಲ್ಲ. ಕನ್ನಡದಲ್ಲಿ ಬಾಯಿ ಬಿಟ್ಟ ತಕ್ಷಣ ಗೊತ್ತಾಗುತ್ತದೆ. ಬಾ, ಬನ್ನಿ. ಹೋದಳು, ಹೋದರು. ನಮ್ಮ ಕಂಪನಿಯಲ್ಲಿ ಭೇದಭಾವ ಇಲ್ಲ ಅಂತ ಗೋಡೆಗೆ ಬೋರ್ಡ್ ಹಾಕಬಹುದು, ಆದರೆ ಬೆಳಿಗ್ಗೆ ಒಳಗೆ ಬಂದು ಅರ್ಧ ಗಂಟೆ ನೀವು ಆಡುವ ಮಾತಿನ ಕ್ರಿಯಾಪದಗಳನ್ನು ಯಾರಾದರೂ ಬರೆದುಕೊಂಡರೆ ಸಾಕು, ಯಾರು ಒಳಗಿನವರು, ಯಾರು ಹೊರಗಿನವರು ಅನ್ನೋದು ಅದರಲ್ಲಿ ಪೂರ್ತಿ ಸಿಗುತ್ತದೆ.

ಮುಂದಿನ ಸಾಲಿನಲ್ಲಿದ್ದ ಹಿರಿಯ ಬೆಳೆಗಾರರೊಬ್ಬರು ಎದ್ದು ನಿಂತರು. "ಮೇಡಂ, ನಮ್ಮ ತೋಟದ ಕೆಲಸದವರ ಲೈನ್ ಮನೆಯಲ್ಲಿ ಮೂರು ತಲೆಮಾರಿನಿಂದ ಇರೋರು ಇದ್ದಾರೆ. ನಮ್ಮ ತಂದೆಯವರ ಕಾಲದಿಂದ ಏಕವಚನದಲ್ಲೇ ಮಾತಾಡೋದು. ಅದು ಸಲುಗೆ. ಬನ್ನಿ, ಹೋಗಿ ಅಂದ್ರೆ ಅವರಿಗೇ ಬೇಜಾರಾಗುತ್ತೆ" ಅಂದರು.

ಅವರ ಮಾತಿನಲ್ಲಿ ನಿಜ ಇದೆ. ಅಮ್ಮನನ್ನು ನೀನು ಅನ್ನುತ್ತೇವೆ, ದೇವರನ್ನು ನೀನು ಅನ್ನುತ್ತೇವೆ, ಹತ್ತಿರದ ಗೆಳತಿಯನ್ನು ನೀವು ಅಂದರೆ ಅವಳು ಮುನಿಸಿಕೊಳ್ಳುತ್ತಾಳೆ. ಹಾಗಾಗಿ ನಾನು ಅವರನ್ನು ಒಂದೇ ಕೇಳಿದೆ. ಅವರು ನಿಮ್ಮನ್ನು ತಿರುಗಿ ನೀನು ಅನ್ನಬಹುದಾ? ಅನ್ನಬಹುದು ಅಂತಾದರೆ ಅದು ಸಲುಗೆಯೇ, ನನ್ನ ತಕರಾರಿಲ್ಲ. ಒಂದು ಕಡೆಯಿಂದ ಸಾಹುಕಾರ್ರೇ, ಅಮ್ಮಾವ್ರೇ, ಇನ್ನೊಂದು ಕಡೆಯಿಂದ ಬಾರೋ, ಹೋಗೇ ಅಂತಾದರೆ ಅದಕ್ಕೆ ಬೇರೆ ಹೆಸರಿದೆ. ಅವರು ಸ್ವಲ್ಪ ಯೋಚನೆ ಮಾಡಿ ಕೂತರು. ಒಪ್ಪಿಕೊಂಡರು ಅಂತ ನಾನು ಹೇಳಲ್ಲ. ಅವರ ವಿಷಯ ಕೊನೆಯಲ್ಲಿ ಇನ್ನೊಂದು ಸಲ ಬರುತ್ತದೆ.

ನನ್ನ ಬಲಗಡೆಯ ಪಟ್ಟಿಯಲ್ಲೂ ಒಬ್ಬರಿದ್ದರು. ಬಟ್ಟೆ ಕಾರ್ಖಾನೆಯಲ್ಲಿ ನಮ್ಮ ಆಫೀಸು ಗುಡಿಸುತ್ತಿದ್ದವರು, ನನ್ನ ತಾಯಿಗಿಂತ ಒಂದೆರಡು ವರ್ಷ ಚಿಕ್ಕವರು ಇರಬಹುದು. ಆರು ವರ್ಷ ನಾನು ಅವರನ್ನು "ಬಾರಮ್ಮ, ಇಲ್ಲಿ ಒರೆಸು" ಅಂದಿದ್ದೇನೆ. ಅವರ ಮಗಳು ಬಿಕಾಂ ಮುಗಿಸಿ ನಮ್ಮಲ್ಲೇ ಅಕೌಂಟ್ಸಿಗೆ ಸೇರಿದಳು. ಮಗಳನ್ನು ಮೊದಲ ದಿನವೇ "ಬನ್ನಿ, ಕೂತ್ಕೊಳ್ಳಿ" ಅಂದೆ. ತಾಯಿ ಅಲ್ಲೇ ಬಾಗಿಲ ಹತ್ತಿರ ಬಕೆಟ್ ಹಿಡಿದು ನಿಂತಿದ್ದರು. ಆ ಹುಡುಗಿ ಕೂರಲಿಲ್ಲ. ತಾಯಿಯ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ನಾನು ಯಾವ ಟ್ರೇನಿಂಗಿನಲ್ಲೂ ಅಷ್ಟು ಕಲಿತಿಲ್ಲ. ಮಾರನೆಯ ದಿನದಿಂದ ಆ ತಾಯಿಯನ್ನು "ಅಕ್ಕ, ಬನ್ನಿ" ಅಂದೆ. ನಾಲಿಗೆ ತಿರುಗೋಕೆ ಎರಡು ವಾರ ಹಿಡಿಯಿತು. ಅವರಿಗೆ ಒಗ್ಗೋಕೆ ಅದಕ್ಕಿಂತ ಜಾಸ್ತಿ ದಿನ ಬೇಕಾಯಿತು. ನನ್ನ ಜೊತೆಯ ಮ್ಯಾನೇಜರುಗಳಲ್ಲಿ ಇಬ್ಬರು ಅದನ್ನು ನೋಡಿ ತಾವೂ ಬದಲಾದರು, ಯಾರೂ ಅವರಿಗೆ ಹೇಳಿರಲಿಲ್ಲ.

ಅದಕ್ಕೇ ನಾನು ಇದನ್ನ ಮೊದಲು ಇಟ್ಟಿದ್ದು. ದುಡ್ಡು ಬೇಡ, ಬೋರ್ಡ್ ಮೀಟಿಂಗ್ ಬೇಡ, ಯಾರ ಅಪ್ಪಣೆಯೂ ಬೇಡ. ಮೇಲಿರುವವರು ಮಾತು ಬದಲಾಯಿಸಿದರೆ ಕೆಳಗಿನವರೆಗೆ ತಾನಾಗೇ ಇಳಿಯುತ್ತದೆ. ಸಾಹುಕಾರ್ರು ಬನ್ನಿ ಅಂದವರನ್ನು ಮೇಸ್ತ್ರಿ ಬಾರೋ ಅನ್ನೋಕೆ ಹಿಂದೆ ಮುಂದೆ ನೋಡುತ್ತಾನೆ.

ಇನ್ನು ವೈವಿಧ್ಯ ಅನ್ನುವ ಮಾತು. ಕಾಫಿ ಬೆಳೆಯುವ ಊರಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಫಿಯೇ ನಮ್ಮ ನೆಲದ್ದಲ್ಲ. ಬಾಬಾ ಬುಡನ್ ಯೆಮೆನ್ ಕಡೆಯಿಂದ ಏಳು ಬೀಜ ತಂದು ಗಿರಿಯ ಮೇಲೆ ಹಾಕಿದರು ಅಂತ ನಾವು ಚಿಕ್ಕಂದಿನಿಂದ ಕೇಳಿದ ಕಥೆ. ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ಅದರ ಮೈಮೇಲೆ ಹಬ್ಬಿರುವ ಮೆಣಸು ಮಾತ್ರ ನಮ್ಮ ಘಟ್ಟದ್ದು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾಯಿತು. ಅಲ್ಲಿ ಮಾಡಿದ ಎಸ್. 795 ತಳಿ ಇವತ್ತಿಗೂ ಎಷ್ಟೋ ತೋಟಗಳಲ್ಲಿ ಇದೆ, ಅಲ್ವಾ? ಅರೇಬಿಕಾ ಜಾತಿಯ ಕಾಫಿ ಗಿಡಗಳು ಎಲೆ ತುಕ್ಕು ರೋಗಕ್ಕೆ ಒಣಗಿ ಹೋಗುತ್ತಿದ್ದ ಕಾಲದಲ್ಲಿ, ಲೈಬೀರಿಕಾ ಅನ್ನುವ ಇನ್ನೊಂದು ಜಾತಿಯ ಗುಣ ಬೆರೆತಿದ್ದ ಗಿಡವನ್ನು ಕೆಂಟ್ಸ್ ತಳಿಯ ಜೊತೆ ಕೂಡಿಸಿ ಅದನ್ನು ಮಾಡಿದರು.

ಆದರೆ ಈ ಹೋಲಿಕೆಯನ್ನು ನಾನು ಇಲ್ಲಿಗೇ ನಿಲ್ಲಿಸುತ್ತೇನೆ. ಎಲ್ಲ ಥರದ ಜನ ಇದ್ದರೆ ವ್ಯಾಪಾರಕ್ಕೆ ಒಳ್ಳೆಯದು, ಲಾಭ ಜಾಸ್ತಿ ಅಂತ ಹೇಳಿ ಒಪ್ಪಿಸುವವರು ಬಹಳ ಜನ ಇದ್ದಾರೆ. ಇರಬಹುದು. ನನಗೆ ಆ ದಾರಿ ಇಷ್ಟ ಇಲ್ಲ. ಲಾಭ ಬರುತ್ತದೆ ಅಂತ ಒಬ್ಬರನ್ನು ಒಳಗೆ ಕರೆದವರು, ಲಾಭ ಬರಲಿಲ್ಲ ಅಂದ ದಿನ ಅವರನ್ನು ಹೊರಗೆ ಕಳಿಸುತ್ತಾರೆ. ದುಡಿಯೋಕೆ ಬಂದವರು ಮನುಷ್ಯರು, ಅವರಿಗೆ ನ್ಯಾಯವಾಗಿ ಸಿಗಬೇಕಾದ್ದು ಸಿಗಬೇಕು. ಕಾರಣ ಇಷ್ಟು ಸಾಕು.

ಕೆಲಸಕ್ಕೆ ತೆಗೆದುಕೊಳ್ಳುವ ವಿಷಯಕ್ಕೆ ಬರೋಣ. ನಮ್ಮ ಕಡೆ ಯಾರೂ ಜಾತಿ ಕೇಳಲ್ಲ. ಹಾಗಂತ ಎಲ್ಲರೂ ಹೇಳುತ್ತಾರೆ. ನಾವು ಕೇಳೋದು ಬೇರೆ. ಯಾವೂರು? ಊರಲ್ಲಿ ಯಾವ ಬೀದಿ? ಯಾರ ಪೈಕಿ? ಮನೆದೇವರು ಯಾವುದು? ನಾಲ್ಕನೆಯ ಪ್ರಶ್ನೆ ಬರುವ ಹೊತ್ತಿಗೆ ಎದುರಿಗೆ ಕೂತಿರುವ ಹುಡುಗನಿಗೂ ಗೊತ್ತಾಗಿರುತ್ತದೆ, ಯಾಕೆ ಕೇಳುತ್ತಿದ್ದಾರೆ ಅಂತ. ಬೇಲೂರು ಕಡೆಯ ಒಬ್ಬ ಹುಡುಗ ಕೆಲಸಕ್ಕೆ ಸೇರಿ ಎರಡು ವರ್ಷ ಆದ ಮೇಲೆ ನನ್ನ ಹತ್ತಿರ ಹೇಳಿದ: "ಮೇಡಂ, ಇಂಟರ್‌ವ್ಯೂಗೆ ಬರೋವಾಗ ಲೆಕ್ಕ, ಕಂಪ್ಯೂಟರ್ ಎಲ್ಲ ಓದ್ಕೊಂಡು ಬಂದಿರ್ತೀನಿ. ಮನೆದೇವರು ಕೇಳಿದ ತಕ್ಷಣ ಓದಿದ್ದೆಲ್ಲ ಮರ್ತು ಹೋಗುತ್ತೆ." ನಾನು ಆ ಪ್ರಶ್ನೆ ಎಷ್ಟು ಜನಕ್ಕೆ ಕೇಳಿದ್ದೇನೋ. ಸುಮ್ನೆ, ಮಾತಿಗೆ ಅಂತ ಕೇಳಿದ್ದೆ. ಕೇಳಿಸಿಕೊಂಡವರಿಗೆ ಅದು ಸುಮ್ನೆ ಆಗಿರಲಿಲ್ಲ.

ಇದಕ್ಕೆ ಸುಲಭವಾದ ದಾರಿ ಒಂದಿದೆ. ಇಂಟರ್‌ವ್ಯೂಗೆ ಮೊದಲೇ ಕೇಳಬೇಕಾದ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ಬಂದವರಿಗೆಲ್ಲ ಅವೇ ಪ್ರಶ್ನೆ, ಅದೇ ಕ್ರಮದಲ್ಲಿ. ಕೂತವರು ಇಬ್ಬರಿದ್ದರೆ ಬೇರೆ ಬೇರೆ ಅಂಕ ಹಾಕಿ, ಆಮೇಲೆ ಹೋಲಿಸಿ. ಮತ್ತೆ, ಕೆಲಸ ಖಾಲಿ ಇದೆ ಅನ್ನೋದನ್ನ ಎಲ್ಲಿ ಹೇಳುತ್ತೀರಿ ನೋಡಿಕೊಳ್ಳಿ. ಇರುವ ಕೆಲಸಗಾರರಿಗೆ "ಗೊತ್ತಿರೋರು ಯಾರಾದ್ರೂ ಇದ್ರೆ ಕರ್ಕೊಂಡು ಬಾ" ಅಂದರೆ ಅವರ ನೆಂಟರೇ ಬರುತ್ತಾರೆ. ಹತ್ತು ವರ್ಷ ಹಾಗೇ ಮಾಡಿದರೆ ಇಡೀ ಆಫೀಸು ಒಂದೇ ಮದುವೆ ಮನೆಯ ಥರ ಆಗುತ್ತದೆ. ಬೇಕು ಅಂತ ಯಾರೂ ಮಾಡಿರಲ್ಲ. ಐಟಿಐ, ಡಿಪ್ಲೊಮಾ ಕಾಲೇಜು, ಹಾಸ್ಟೆಲ್ಲುಗಳ ನೋಟಿಸ್ ಬೋರ್ಡಿಗೆ ಒಂದು ಚೀಟಿ ಹಾಕಿಸಿದರೆ ಬೇರೆ ಮುಖಗಳು ಬರುತ್ತವೆ.

ಲೋಟದ ವಿಷಯ ಸಭೆಯಲ್ಲಿ ಎತ್ತಿದಾಗ ಕೆಲವರಿಗೆ ಇರುಸುಮುರುಸಾಯಿತು. ಆದರೂ ಹೇಳಬೇಕು. ಎಷ್ಟೋ ತೋಟದ ಮನೆಗಳಲ್ಲಿ, ಕೆಲವು ಆಫೀಸುಗಳಲ್ಲೂ, ಕೆಲಸದವರ ಲೋಟ ಬೇರೆ ಇರುತ್ತದೆ. ಹೊರಗಡೆ ಕಟ್ಟೆಯ ಮೇಲೆ ಕವುಚಿ ಹಾಕಿರುತ್ತಾರೆ. ಈಗ ಕೆಲವು ಕಡೆ ಅದರ ಜಾಗಕ್ಕೆ ಪೇಪರ್ ಕಪ್ ಬಂದಿದೆ, ಒಳಗಿನವರಿಗೆ ಸ್ಟೀಲ್, ಹೊರಗಿನವರಿಗೆ ಪೇಪರ್. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದು ಹಾಕಿ 75 ವರ್ಷ ದಾಟಿತು. ನಾಳೆ ಬೆಳಿಗ್ಗೆ ನಿಮ್ಮ ಕಡೆ ಎಲ್ಲರಿಗೂ ಒಂದೇ ಥರದ ಲೋಟ ಇಡಿ. ಯಾಕೆ ಅಂತ ಯಾರಿಗೂ ಭಾಷಣ ಮಾಡಬೇಡಿ. ಇಡಿ, ಅಷ್ಟೇ.

ಈಗ ನನಗೆ ತುಂಬ ಕಷ್ಟವಾದ ವಿಷಯ ಹೇಳುತ್ತೇನೆ. ಕ್ಯೂರಿಂಗ್ ವರ್ಕ್ಸ್ ಗೊತ್ತಿಲ್ಲದವರಿಗೆ ಒಂದು ಮಾತು: ತೋಟದಿಂದ ಬಂದ ಒಣಗಿದ ಕಾಫಿಯ ಸಿಪ್ಪೆ ತೆಗೆದು, ಗಾತ್ರ, ಆಕಾರದ ಪ್ರಕಾರ ಎಎ, ಎಬಿ, ಪೀಬೆರಿ ಅಂತ ಬೇರೆ ಮಾಡಿ, ಕೆಟ್ಟ ಬೀಜ ಆರಿಸಿ ಚೀಲ ತುಂಬುವ ಜಾಗ ಅದು. ಕೆಟ್ಟ ಬೀಜ ಆರಿಸುವ ಕೆಲಸಕ್ಕೆ ಗಾರ್ಬ್ಲಿಂಗ್ ಅನ್ನುತ್ತಾರೆ. ಅದನ್ನು ಮಾಡುತ್ತಿದ್ದವರೆಲ್ಲ ಹೆಂಗಸರು. ಸಾಲಾಗಿ ಕೂತು, ಕಣ್ಣಿನಲ್ಲೇ ನೋಡಿ, ಕಪ್ಪು ಬೀಜ, ಕಂದು ಬೀಜ, ಒಡೆದ ಬೀಜ, ಹುಳ ಕೊರೆದ ಬೀಜ ಎಲ್ಲ ತೆಗೆಯುತ್ತಿದ್ದರು. ಇಪ್ಪತ್ತು ವರ್ಷ ಆ ಕೆಲಸ ಮಾಡಿದವರು ಒಂದು ಹಿಡಿ ಬೀಜ ಕೈಗೆ ತಗೊಂಡರೆ ಈ ಸಲ ಕಣದಲ್ಲಿ ಮಳೆ ಬಿದ್ದಿದೆ ಅಂತ ಹೇಳಿಬಿಡುತ್ತಿದ್ದರು.

ಆಮೇಲೆ ಕಲರ್ ಸಾರ್ಟರ್ ಬಂತು. ಬೀಜದ ಬಣ್ಣವನ್ನು ಕ್ಯಾಮೆರಾದಲ್ಲಿ ನೋಡಿ, ಕೆಟ್ಟದ್ದನ್ನು ಗಾಳಿಯಿಂದ ಊದಿ ಹೊರಗೆ ಹಾಕುವ ಯಂತ್ರ. ಅದನ್ನು ನಡೆಸೋಕೆ ಜನ ಬೇಕಾಯಿತು. ಟ್ರೇನಿಂಗಿಗೆ ಯಾರನ್ನು ಕಳಿಸಬೇಕು ಅನ್ನುವ ಪಟ್ಟಿ ನನ್ನ ಟೇಬಲ್ಲಿಗೆ ಬಂತು. ಆರು ಹೆಸರು, ಆರೂ ಗಂಡಸರು, ಅದರಲ್ಲಿ ನಾಲ್ವರು ಆ ವರ್ಷವೇ ಸೇರಿದ್ದ ಹುಡುಗರು. ಯಂತ್ರ ಅಂದರೆ ಗಂಡಸರು ಅಂತ ಪಟ್ಟಿ ಮಾಡಿದವರಿಗೆ ಅನಿಸಿತ್ತು. ನನಗೂ ಬೇರೆ ಥರ ಅನಿಸಲಿಲ್ಲ. ನಾನು ಹೆಂಗಸು, ಎದುರಿಗೇ ಆ ಹೆಂಗಸರನ್ನು ದಿನಾ ನೋಡುತ್ತಿದ್ದವಳು, ಪೆನ್ನು ತೆಗೆದು ಸಹಿ ಹಾಕಿದೆ.

ಹುಡುಗರು ಯಂತ್ರದ ಗುಂಡಿಗಳನ್ನು ಬೇಗ ಕಲಿತರು. ಆದರೆ ಯಾವ ಬೀಜ ಕೆಟ್ಟದ್ದು ಅನ್ನೋದು ಅವರಿಗೆ ಗೊತ್ತಿರಲಿಲ್ಲ. ಯಂತ್ರ ಸೆಟ್ ಮಾಡೋವಾಗ ಒಳ್ಳೆಯ ಬೀಜವೂ ಊದಿ ಹೋಗುತ್ತಿತ್ತು. ಆಗ ಒಬ್ಬ ಹಳೆಯ ಗಾರ್ಬ್ಲಿಂಗ್ ಹೆಂಗಸನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳುತ್ತಿದ್ದರು, "ಇದು ತೆಗೀಬೇಕಾ? ಇದು?" ಅವರು ನಿಂತು ಹೇಳಿಕೊಡುತ್ತಿದ್ದರು. ಆಪರೇಟರ್ ಸಂಬಳ ಹುಡುಗನಿಗೆ, ಇವರಿಗೆ ದಿನಗೂಲಿ. ಮುಂದಿನ ಸೀಸನ್ನಿಗೆ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರನ್ನು ಕರೆಯಲಿಲ್ಲ. ಹೇಳಿಕೊಟ್ಟವರೂ ಬರಲಿಲ್ಲ.

ಯಾರೂ ಕೆಟ್ಟ ಮಾತಾಡಿರಲಿಲ್ಲ. ಯಾರೂ ಯಾರನ್ನೂ ಬೈದಿರಲಿಲ್ಲ. ಒಂದು ಪಟ್ಟಿ, ಒಂದು ಸಹಿ. ನನಗೆ ಇವತ್ತಿಗೂ ಆ ಪಟ್ಟಿ ಕಣ್ಣಮುಂದೆ ಬರುತ್ತದೆ. ಅದಕ್ಕೇ ಸಭೆಯಲ್ಲಿ ಕೈಮುಗಿದು ಕೇಳಿಕೊಂಡೆ: ಟ್ರೇನಿಂಗ್, ಬಡ್ತಿ, ಹೊಸ ಯಂತ್ರ, ಯಾವುದೇ ಪಟ್ಟಿ ಸಹಿಗೆ ಬಂದಾಗ ಒಂದು ದಿನ ತಡೆಯಿರಿ. ಈ ಕೆಲಸ ನಿಜವಾಗಿ ಗೊತ್ತಿರೋರು ಯಾರು, ಅವರ ಹೆಸರು ಇದರಲ್ಲಿ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಪಟ್ಟಿ ವಾಪಸ್ ಕಳಿಸಿ.

ಕೂಲಿ ವಿಷಯವೂ ಹೀಗೇ. ಗಂಡಾಳು, ಹೆಣ್ಣಾಳು ಅನ್ನುವ ಎರಡು ಮಾತು ನಮ್ಮ ಜಿಲ್ಲೆಗಳಲ್ಲಿ ಎಲ್ಲರ ಬಾಯಲ್ಲೂ ಇದೆ, ಎರಡಕ್ಕೂ ಬೇರೆ ಬೇರೆ ದರ. ದೊಡ್ಡ ಎಸ್ಟೇಟುಗಳ ರಿಜಿಸ್ಟರಿನಲ್ಲಿ ಸಾಮಾನ್ಯವಾಗಿ ಒಂದೇ ದರ ಇರುತ್ತದೆ. ಸಣ್ಣ ತೋಟ, ಗದ್ದೆ, ಶುಂಠಿ ಹೊಲಗಳಲ್ಲಿ ವ್ಯತ್ಯಾಸ ಈಗಲೂ ಇದೆ. ಕೇಳಿದರೆ, ಗಂಡಸರು ಮರಗಸಿ, ಅಂದರೆ ನೆರಳಿನ ಮರ ಹತ್ತಿ ಕೊಂಬೆ ಸವರುವ ಕೆಲಸ, ಮಾಡುತ್ತಾರೆ, ಗುಂಡಿ ತೆಗೆಯುತ್ತಾರೆ, ಚೀಲ ಹೊರುತ್ತಾರೆ ಅನ್ನುತ್ತಾರೆ. ಸರಿ, ಮರ ಹತ್ತುವ ಕೆಲಸಕ್ಕೆ ಜಾಸ್ತಿ ಕೊಡಿ. ಆದರೆ ಒಂದೇ ಪಟ್ಟೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕಳೆ ತೆಗೆದ ದಿನ? ಆವತ್ತೂ ಎರಡು ದರ ಯಾಕೆ? ಹಣ್ಣು ಕೊಯ್ಲಿನಲ್ಲಿ ಕೆಜಿ ಲೆಕ್ಕ ಬಂದ ತಕ್ಷಣ ಹೆಂಗಸರ ಕೈ ಎಷ್ಟು ಚುರುಕು ಅನ್ನೋದು ತಕ್ಕಡಿಯಲ್ಲೇ ಕಾಣುತ್ತದಲ್ಲ. ಒಂದೇ ಥರದ ಕೆಲಸಕ್ಕೆ ಒಂದೇ ವೇತನ ಅಂತ 1976ರಲ್ಲೇ ಕಾಯ್ದೆ ಬಂತು, ಈಗ ಅದನ್ನು ವೇತನ ಸಂಹಿತೆಯಲ್ಲಿ ಸೇರಿಸಿದ್ದಾರೆ. ದರವನ್ನು ಆಳಿನ ಮೇಲೆ ಬರೆಯಬೇಡಿ, ಕೆಲಸದ ಮೇಲೆ ಬರೆಯಿರಿ. ಕೂಲಿ ಕೊಟ್ಟ ಲೆಕ್ಕದ ಬಟವಾಡೆ ಪುಸ್ತಕದಲ್ಲಿ ಆ ಒಂದು ಕಾಲಂ ಬದಲಾಯಿಸಿದರೆ ಸಾಕು.

ಹೊತ್ತಿನ ವಿಷಯ ಒಂದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರ ಪ್ರಯಾಣ ಉಚಿತವಾದ ಮೇಲೆ, ದೂರದ ಹಳ್ಳಿಗಳಿಂದ ಕೆಲಸ ಕೇಳಿಕೊಂಡು ಬರುವವರು ಜಾಸ್ತಿಯಾದರು. ನನಗೆ ಗೊತ್ತಿರುವ ಒಂದು ಚಿಕ್ಕ ಪ್ಯಾಕಿಂಗ್ ಘಟಕದಲ್ಲಿ ಕೆಲಸ ಶುರು ಎಂಟೂವರೆಗೆ. ಹಳ್ಳಿಯ ಮೊದಲ ಬಸ್ಸು ಊರಿಗೆ ಬರೋದು ಒಂಬತ್ತಕ್ಕೆ ಹತ್ತು ನಿಮಿಷ ಇದ್ದಾಗ. ದಿನಾ ಲೇಟ್, ತಿಂಗಳ ಕೊನೆಗೆ ಸಂಬಳದಲ್ಲಿ ಕಡಿತ, ಮೂರು ತಿಂಗಳಿಗೆ ಕೆಲಸ ಬಿಟ್ಟು ಹೋಗುತ್ತಿದ್ದರು. "ಈ ಹಳ್ಳಿ ಹೆಂಗಸರಿಗೆ ಶಿಸ್ತಿಲ್ಲ" ಅನ್ನುವ ಮಾತು ಆಫೀಸಿನಲ್ಲಿ ಗಟ್ಟಿಯಾಯಿತು. ಮಾಲೀಕರ ಸೊಸೆ ಒಂದು ದಿನ ಬಸ್ ಸ್ಟ್ಯಾಂಡಿಗೆ ಹೋಗಿ ಬಸ್ಸಿನ ವೇಳೆ ಬರೆದುಕೊಂಡು ಬಂದರು. ಕೆಲಸದ ಹೊತ್ತನ್ನು ಒಂಬತ್ತಕ್ಕೆ ಬದಲಾಯಿಸಿದರು, ಸಂಜೆ ಅರ್ಧ ಗಂಟೆ ಮುಂದೆ ಹಾಕಿದರು, ಅದೂ ವಾಪಸ್ ಹೋಗುವ ಬಸ್ಸು ನೋಡಿಕೊಂಡು. ಶಿಸ್ತಿನ ಮಾತು ಆಮೇಲೆ ಬರಲಿಲ್ಲ.

ಮಕ್ಕಳನ್ನು ಎಲ್ಲಿ ಬಿಡೋದು ಅನ್ನೋದೂ ಹಾಗೇ. 2017ರ ತಿದ್ದುಪಡಿಯ ಪ್ರಕಾರ ಹೆರಿಗೆ ರಜೆ 26 ವಾರ, 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಿ ಬರಬಹುದು. ನಿಮ್ಮಲ್ಲಿ 50 ಜನ ಇಲ್ಲದಿರಬಹುದು. ನರೇಗಾ ಕೂಲಿಯವರ ಮಕ್ಕಳಿಗೆ ಪಂಚಾಯ್ತಿಗಳಲ್ಲಿ ಕೂಸಿನ ಮನೆ ಅಂತ ಮಾಡಿದ್ದಾರಲ್ಲ, ಒಮ್ಮೆ ಹೋಗಿ ನೋಡಿ. ಒಂದು ಕೋಣೆ, ನೋಡಿಕೊಳ್ಳೋಕೆ ನಂಬಿಕೆಯ ಹೆಂಗಸರು, ಹಾಲು, ಚಾಪೆ, ತೊಟ್ಟಿಲು. ಅಕ್ಕಪಕ್ಕದ ಮೂರು ತೋಟದವರು ಸೇರಿದರೆ ಆಗದ ಕೆಲಸ ಅಲ್ಲ.

ಮುಟ್ಟಿನ ರಜೆಯ ಮಾತೂ ಬಂತು. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ತಿಂಗಳಿಗೆ ಒಂದು ದಿನ ಸಂಬಳ ಸಹಿತ ರಜೆಗೆ ಒಪ್ಪಿತು. "ಹಿಂಗೆಲ್ಲ ಮಾಡಿದ್ರೆ ಹೆಂಗಸರನ್ನ ಕೆಲಸಕ್ಕೇ ತಗೊಳಲ್ಲ" ಅಂತ ಹಿಂದಿನಿಂದ ಒಬ್ಬರು ಅಂದರು. ನನಗೆ ಸಿಟ್ಟು ಬಂತು, ಅದನ್ನು ಮುಚ್ಚಿಡಲಿಲ್ಲ. ನಿಮ್ಮ ತೋಟದಲ್ಲಿ, ನಿಮ್ಮ ಕಾರ್ಖಾನೆಯಲ್ಲಿ ಹೆಂಗಸರು ನಿಮಗೆ ಉಪಕಾರಕ್ಕೆ ಬಂದವರಾ? ಅವರಿಲ್ಲದೆ ಒಂದು ಕೊಯ್ಲು ಮುಗಿಸಿ ತೋರಿಸಿ ಅಂದೆ. ಆಮೇಲೆ ಸಮಾಧಾನವಾಗಿ ಇನ್ನೊಂದು ಹೇಳಿದೆ. ರಜೆ ಕೊಟ್ಟರೂ, ಗಂಡಸು ಸೂಪರ್‌ವೈಸರ್ ಮುಂದೆ ನಿಂತು ಕಾರಣ ಹೇಳಿ ಕೇಳಬೇಕು ಅಂತಿದ್ದರೆ ಯಾರೂ ಕೇಳಲ್ಲ. ಕಾರಣ ಬರೆಯದೆ ಒಂದು ಚೀಟಿ ಪೆಟ್ಟಿಗೆಗೆ ಹಾಕಿ ಹೋಗುವ ಥರ ಮಾಡಿ. ಅದಕ್ಕಿಂತ ಮೊದಲು ತೋಟದಲ್ಲಿ ನೀರಿರುವ, ಬಾಗಿಲಿಗೆ ಚಿಲಕ ಇರುವ ಒಂದು ಶೌಚಾಲಯ ಕಟ್ಟಿಸಿ. ಬೆಳಿಗ್ಗೆಯಿಂದ ಸಂಜೆವರೆಗೆ ನೀರು ಕುಡಿಯದೆ ಹಣ್ಣು ಕೊಯ್ಯುವ ಹೆಂಗಸರು ಯಾಕೆ ಕುಡಿಯಲ್ಲ ಅಂತ ನಿಮ್ಮ ಮನೆಯ ಹೆಂಗಸರನ್ನು ಕೇಳಿ, ಹೇಳುತ್ತಾರೆ.

ಆಂತರಿಕ ಸಮಿತಿ ಬಗ್ಗೆ ಕಾನೂನು ಸ್ಪಷ್ಟವಾಗಿದೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯೋಕೆ 2013ರಲ್ಲಿ ಬಂದ ಕಾಯ್ದೆ ಅದು. 10 ಜನ ಕೆಲಸಗಾರರಿದ್ದರೂ ಸಮಿತಿ ಇರಬೇಕು. ಅಧ್ಯಕ್ಷರು ಅಲ್ಲೇ ಕೆಲಸ ಮಾಡುವ ಹಿರಿಯ ಹೆಂಗಸಾಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರು, ಹೊರಗಿನವರು ಒಬ್ಬರು. 10ಕ್ಕಿಂತ ಕಡಿಮೆ ಜನ ಇದ್ದರೆ, ಅಥವಾ ದೂರು ಮಾಲೀಕರ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ನಾನಿದ್ದ ಒಂದು ಕಡೆ ಸಮಿತಿ ಇತ್ತು, ಫೈಲಿನಲ್ಲಿ. ಹೊರಗಿನ ಸದಸ್ಯರು ಅಂತ ಹೆಸರಿದ್ದವರಿಗೆ ತಾವು ಸದಸ್ಯರು ಅನ್ನೋದೇ ಗೊತ್ತಿರಲಿಲ್ಲ. ಒಬ್ಬ ಹುಡುಗಿ ದೂರು ತಂದಾಗ ನಮಗೆ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ, ಮೂರು ವಾರ ಸುಮ್ಮನೆ ಕಳೆಯಿತು, ಅಷ್ಟರಲ್ಲಿ ಅವಳೇ ಕೆಲಸ ಬಿಟ್ಟಳು. ಅವನು ಅಲ್ಲೇ ಉಳಿದ. ಸಮಿತಿಯವರ ಹೆಸರು, ಫೋನ್ ನಂಬರ್ ಹೆಂಗಸರ ಶೌಚಾಲಯದ ಬಾಗಿಲ ಒಳಗಡೆ ಅಂಟಿಸಿ. ಯಾರೂ ನೋಡದ ಜಾಗದಲ್ಲಿ ಓದಿಕೊಳ್ಳಬಹುದು, ಫೋಟೋ ತೆಗೆದುಕೊಳ್ಳಬಹುದು.

ಅಂಗವಿಕಲರ ವಿಷಯದಲ್ಲಿ ಒಂದೇ ಉದಾಹರಣೆ. 2016ರ ಕಾಯ್ದೆಯಲ್ಲಿ 21 ಥರದ ಅಂಗವೈಕಲ್ಯ ಇವೆ. ನಮಗೆ ಗಾಲಿ ಕುರ್ಚಿ ಒಂದೇ ನೆನಪಾಗೋದು. ಅದನ್ನಾದರೂ ಸರಿಯಾಗಿ ಮಾಡುತ್ತೇವಾ? ಇಳಿಜಾರು ಕಟ್ಟುವ ಲೆಕ್ಕ ಒಂದಕ್ಕೆ ಹನ್ನೆರಡು. ಮೆಟ್ಟಿಲು ಒಂದಡಿ ಎತ್ತರ ಇದ್ದರೆ ಇಳಿಜಾರು ಹನ್ನೆರಡು ಅಡಿ ಉದ್ದ ಇರಬೇಕು. ನಾನು ನೋಡಿದ ಎಷ್ಟೋ ಕಡೆ ನಾಲ್ಕಡಿಯಲ್ಲಿ ಮುಗಿಸಿರುತ್ತಾರೆ. ಗಾಲಿ ಕುರ್ಚಿ ಇರಲಿ, ಸೈಕಲ್ಲೂ ಹತ್ತಲ್ಲ. ಕಟ್ಟುವ ಮೊದಲು ಅದನ್ನು ಬಳಸುವವರನ್ನು ಒಂದು ಸಲ ಕರೆದು ಕೇಳಿ.

ಕೊನೆಯದು, ಹೊರಗಿನಿಂದ ಬಂದವರು. ಈಗ ನಮ್ಮ ತೋಟಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯವರು ಬಹಳ ಜನ ಇದ್ದಾರೆ. ಅವರಿಗೆ ಕನ್ನಡ ಬರಲ್ಲ, ಎಷ್ಟೋ ಜನಕ್ಕೆ ಹಿಂದಿಯೂ ಅರ್ಧಂಬರ್ಧ. ಔಷಧಿ ಹೊಡೆಯುವ ಕೆಲಸಕ್ಕೆ ಅವರನ್ನೇ ಕಳಿಸುತ್ತೇವೆ. ಡಬ್ಬಿ ಮೇಲಿನ ಎಚ್ಚರಿಕೆ ಯಾರು ಓದಿ ಹೇಳಬೇಕು? ಪ್ರತಿ ಡಬ್ಬಿಯ ಮೇಲೂ ಒಂದು ಬಣ್ಣದ ಗುರುತು ಇರುತ್ತದೆ: ಕೆಂಪು ಅಂದರೆ ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಓದು ಬರದವರಿಗೂ ಹತ್ತು ನಿಮಿಷದಲ್ಲಿ ಕಲಿಸಬಹುದು. ಅವರಲ್ಲೇ ಒಬ್ಬರಿಗೆ ಕಲಿಸಿ, ಅವರ ಭಾಷೆಯಲ್ಲಿ ಉಳಿದವರಿಗೆ ಹೇಳಲಿ, ಆ ಕೆಲಸಕ್ಕೆ ಅವರಿಗೆ ಸ್ವಲ್ಪ ಜಾಸ್ತಿ ಕೂಲಿ ಕೊಡಿ. ಬೈಯೋಕೆ ಬೇಕಾದಷ್ಟು ಹಿಂದಿ ನಮ್ಮ ಮೇಸ್ತ್ರಿಗಳು ಒಂದು ವಾರದಲ್ಲಿ ಕಲಿತಿದ್ದಾರೆ. ಹುಷಾರು, ಮುಖ ತೊಳಕೊಳ್ಳಿ, ಊಟ ಆಯ್ತಾ ಅನ್ನೋಕೂ ಕಲಿಯಬಹುದು.

ಸಭೆ ಮುಗಿದ ಮೇಲೆ ಆ ಹಿರಿಯ ಬೆಳೆಗಾರರು ಹತ್ತಿರ ಬಂದರು. ಕಾಫಿ ಕುಡಿಯುತ್ತ ಕೇಳಿದರು: "ನೀವು ಹೇಳಿದ್ದೆಲ್ಲ ಒಂದೇ ಸಲ ಆಗಲ್ಲ. ನಾಳೆ ಒಂದು ಮಾಡು ಅಂದ್ರೆ ಏನು ಮಾಡ್ಲಿ?"

ನಿಮ್ಮ ಹಾಜರಿ ಪುಸ್ತಕದಲ್ಲಿ ಹೊರಗಿನ ಹುಡುಗರ ಹೆಸರು ಹೇಗೆ ಬರೆದಿದ್ದೀರಿ ಅಂತ ಕೇಳಿದೆ. ಅವರು ಹೇಳೋಕೆ ಹಿಂದೆ ಮುಂದೆ ನೋಡಿದರು. ತೋಟದ ಲೆಕ್ಕ ನೋಡುವ ರೈಟರ್ ಬರೆಯೋದು, ಅಸ್ಸಾಂ 1, ಅಸ್ಸಾಂ 2, ಹೀಗೆ ಹದಿಮೂರರವರೆಗೆ, ಬಟವಾಡೆಯೂ ಅದೇ ನಂಬರಿನಲ್ಲಿ ಅಂದರು. ಇಲ್ಲಿಂದ ಬೇಲೂರು ಎಷ್ಟು ದೂರ, ಅಲ್ಲಿನ ಗುಡಿಗೆ ಹೋಗಿರುತ್ತೀರಲ್ಲ ಅಂದೆ. ಅದನ್ನು ಕಟ್ಟಿ 900 ವರ್ಷ ಆಯಿತು. ಕೆತ್ತಿದವರು ತಮ್ಮ ವಿಗ್ರಹಗಳ ಕೆಳಗೆ ಹೆಸರು ಹಾಕಿದ್ದಾರೆ. ದಾಸೋಜ, ಅವನ ಮಗ ಚಾವಣ. ಬಳ್ಳಿಗಾವಿಯವರು ಅಂತಾನೂ ಬರೆದಿದೆ. ಅದು ಶಿಕಾರಿಪುರದ ಕಡೆ, ಅವರೂ ಕೆಲಸಕ್ಕೆ ಅಂತ ಬೇರೆ ಸೀಮೆಯಿಂದ ಬಂದವರೇ. ಅವರ ಹೆಸರು, ಅವರ ಊರು ಎರಡೂ ನಮಗೆ ಇವತ್ತು ಗೊತ್ತು.

ಎರಡು ವಾರ ಬಿಟ್ಟು ಅವರು ಫೋನ್ ಮಾಡಿದರು. ಭಾನುವಾರ ಸಂತೆಗೆ ಹೋಗುವ ಮೊದಲು ಹದಿಮೂರೂ ಜನರನ್ನು ಕಣದಲ್ಲಿ ಕೂರಿಸಿ, ಒಬ್ಬೊಬ್ಬರ ಹೆಸರು, ಊರು ಕೇಳಿ ತಾವೇ ಹೊಸ ಪುಸ್ತಕದಲ್ಲಿ ಬರೆದರಂತೆ. ಒಬ್ಬ ಹುಡುಗನನ್ನು ಎರಡು ಸೀಸನ್ನಿನಿಂದ ಇವರು ಕರೆಯುತ್ತಿದ್ದ ಹೆಸರು ಅವನದ್ದಲ್ಲವಂತೆ. ಅದು ಅವನ ಅಣ್ಣನ ಹೆಸರು, ಅಣ್ಣ ಮೊದಲ ವರ್ಷವೇ ಊರಿಗೆ ಹೋಗಿದ್ದ. "ಅವನು ಇಷ್ಟು ದಿನ ಹೇಳ್ಲೇ ಇಲ್ಲ ಮೇಡಂ" ಅಂದರು. ಅವರ ದನಿ ಸ್ವಲ್ಪ ಇಳಿದಿತ್ತು.

ಹೆಣ್ಣಾಳು, ಗಂಡಾಳು ದರದ ಬಗ್ಗೆ ಕೇಳಿದೆ. ಮನೆಯಲ್ಲಿ ಮಾತಾಡಬೇಕು, ಪಕ್ಕದ ತೋಟದವರು ಏನಂತಾರೋ ನೋಡಬೇಕು, ಈ ಸಲದ ಕೊಯ್ಲು ಶುರುವಾಗಲಿ ಅಂದರು. ನವೆಂಬರ್‌ನಲ್ಲಿ ನಾನೇ ಫೋನ್ ಮಾಡುತ್ತೇನೆ ಅಂತ ಹೇಳಿದ್ದೇನೆ.